ಮೆಟ್ಟಿಲ ಕೆಳಗಿನ ಬರ್ಗಂಡಿ

ಇಂದು ಭಾನುವಾರ. ಬೆಳಗ್ಗೆ ಬಾಗಿಲು ತೆಗೆದರೆ ಹೊಸಿಲ ಆಚೆ ಒಂದು ರಟ್ಟಿನ ಪೆಟ್ಟಿಗೆ ನೆನೆದು ಕುಳಿತಿತ್ತು. ನಿನ್ನೆ ಸಂಜೆ ಡೆಲಿವರಿಯವರು ಇಟ್ಟು ಹೋದದ್ದು ಮಳೆಯ ಎರಚಲಿಗೆ ಸಿಕ್ಕಿ ಮೆತ್ತಗಾಗಿತ್ತು. ಎತ್ತಿಕೊಳ್ಳಲೆಂದು ಬಗ್ಗಿದೆ. ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಒಳಗಿದ್ದದ್ದು ಎರಡು ಸ್ಟೀಲ್ ಡಬ್ಬಿ, ಅಷ್ಟೆ. ಹಾವಿಗೆ ಹೆದರುವವರನ್ನು, ಹಲ್ಲಿಗೆ ಹೆದರುವವರನ್ನು ನೀವು ನೋಡಿರುತ್ತೀರಿ. ಒದ್ದೆ ರಟ್ಟಿಗೆ ಹೆದರುವವನು ಇಡೀ ಜೆ.ಪಿ. ನಗರದಲ್ಲಿ ಬಹುಶಃ ನಾನೊಬ್ಬನೇ.

ಹೆದರುವುದು ನನಗೆ ಹೊಸದೇನಲ್ಲ ಬಿಡಿ. ವಿಮಾ ಕಂಪನಿಯೊಂದರಲ್ಲಿ ಬೆಂಕಿ ಅನಾಹುತಗಳ ಕಡತ ನೋಡುವುದು ನನ್ನ ಕೆಲಸ. ಸುಟ್ಟ ಅಡುಗೆಮನೆಗಳ ಫೋಟೋ ನೋಡುತ್ತಲೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಮನೆಯಿಂದ ಹೊರಟರೆ ಮೂರು ಸಲ ಬೀಗ ಎಳೆದು ನೋಡುತ್ತೇನೆ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ನೋಡಲು ಬಸ್‌ಸ್ಟಾಪಿನಿಂದ ವಾಪಸು ಬರುತ್ತೇನೆ. ಇಂಥವನಿಗೆ ವೈನಿನ ಹುಚ್ಚು, ಅದರಲ್ಲೂ ಫ್ರಾನ್ಸಿನ ಬರ್ಗಂಡಿ ಸೀಮೆಯ ಕೆಂಪು ವೈನಿನ ಹುಚ್ಚು ಹತ್ತಿದ್ದು ಹೇಗೆ ಎಂದರೆ ಶ್ರೀಕಂಠಯ್ಯನವರ ಬಗ್ಗೆ ಹೇಳಬೇಕಾಗುತ್ತದೆ.

ಅವರನ್ನು ಮೊದಲು ನೋಡಿದ್ದು ಜಯನಗರದ ಒಂದು ಮದ್ಯದಂಗಡಿಯಲ್ಲಿ. ನಾನು ಹೋದದ್ದು ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆಗೆ ಬಾಟಲಿ ತರಲು. ಪರಿಚಯದವರು ಯಾರಾದರೂ ಕಂಡಾರೆಂದು ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ಅಲ್ಲಿ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಷರಟು, ಹಣೆಯಲ್ಲಿ ತೆಳ್ಳನೆ ಗಂಧದ ಗೆರೆ ಇದ್ದ ಹಿರಿಯರೊಬ್ಬರು ಅಂಗಡಿಯವನನ್ನು ಬೈಯುತ್ತಿದ್ದರು.

"ಬಿಸಿಲು ಬೀಳೋ ಕಡೆ ನಿಲ್ಲಿಸಿದೀರಲ್ರೀ ಇದನ್ನ! ಕೊಂದೇಬಿಟ್ರಲ್ಲ!"

ಸತ್ತದ್ದು ಯಾರು ಎಂದು ನಾನು ಹೆಲ್ಮೆಟ್ಟಿನೊಳಗಿಂದಲೇ ಸುತ್ತ ನೋಡಿದೆ. ಅವರು ಕೈಯಲ್ಲಿದ್ದ ಬಾಟಲಿಯನ್ನು ನನ್ನತ್ತ ಹಿಡಿದು, "ನೀವೇ ಹೇಳಿ ಸಾರ್, ಹಸುಗೂಸನ್ನ ಬಿಸಿಲಲ್ಲಿ ಮಲಗಿಸ್ತಾರಾ?" ಎಂದರು.

ನಮ್ಮ ಸ್ನೇಹ ಶುರುವಾದದ್ದು ಹಾಗೆ. ಅವರು ಊದಿನಕಡ್ಡಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸುಗಂಧ ಬೆರೆಸುವ ಕೆಲಸ ಮಾಡಿ ನಿವೃತ್ತರಾದವರು. ಯಾವ ಎಣ್ಣೆ ಎಷ್ಟು ಹನಿ ಬಿದ್ದರೆ ದೇವರ ಮನೆಯ ವಾಸನೆ, ಎಷ್ಟು ಬಿದ್ದರೆ ಮದುವೆ ಮನೆಯ ವಾಸನೆ ಎಂಬುದು ಅವರ ಮೂಗಿಗೆ ಗೊತ್ತಿತ್ತು. ಕಂಪನಿಯ ಕೆಲಸಕ್ಕೆಂದು ಫ್ರಾನ್ಸಿಗೆ ಹೋದಾಗ ಅತ್ತರು ಮಾರುವವನೊಬ್ಬ ಊಟದ ಹೊತ್ತಿಗೆ ಒಂದು ಲೋಟ ಬರ್ಗಂಡಿ ಮುಂದಿಟ್ಟನಂತೆ. "ಕುಡೀಲಿಲ್ಲ ಕಣ್ರೀ. ಅರ್ಧ ಗಂಟೆ ಬರೀ ಮೂಸ್ತಾ ಕೂತಿದ್ದೆ. ಊಟ ಆರಿಹೋಯ್ತು," ಎನ್ನುತ್ತಿದ್ದರು.

ಬರ್ಗಂಡಿಯ ಕೆಂಪು ವೈನನ್ನು ಪಿನೋ ನ್ವಾರ್ ಎಂಬ ಒಂದೇ ದ್ರಾಕ್ಷಿಯಿಂದ ಮಾಡುತ್ತಾರೆ. ಅದರ ಸಿಪ್ಪೆ ಬಲು ತೆಳು. ಹಿಮ ಬಿದ್ದರೆ ಮುದುಡುತ್ತದೆ, ಮಳೆ ಬಂದರೆ ಕೊಳೆಯುತ್ತದೆ, ಬಿಸಿಲು ಜಾಸ್ತಿಯಾದರೆ ಬಾಡುತ್ತದೆ. ಇದನ್ನು ಅವರ ಬಾಯಲ್ಲಿ ಕೇಳಿದಾಗ ನನಗೆ ಆ ಹಣ್ಣಿನ ಮೇಲೆ ಅಕ್ಕರೆ ಹುಟ್ಟಿತು. ಪ್ರಪಂಚದಲ್ಲಿ ನನ್ನ ಸ್ವಭಾವದ ಹಣ್ಣೂ ಒಂದಿದೆಯಲ್ಲ!

ಶ್ರೀಕಂಠಯ್ಯನವರ ಮನೆ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ. ಮಹಡಿ ಮೆಟ್ಟಿಲ ಕೆಳಗೆ ಹಿಂದೆ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಕತ್ತಲೆ ಕೋಣೆಗೆ ಅವರು ಪುಟ್ಟ ಎಸಿ ಹಾಕಿಸಿದ್ದರು. ಹದಿಮೂರು ಡಿಗ್ರಿ ದಾಟದಂತೆ ಕಾಯಲು ಗೋಡೆಗೊಂದು ಥರ್ಮಾಮೀಟರು. ಮರದ ಹಲಗೆಯ ಮೇಲೆ ಹತ್ತೋ ಹನ್ನೊಂದೋ ಬಾಟಲಿಗಳು ಅಡ್ಡಡ್ಡ ಮಲಗಿದ್ದವು. ನಿಲ್ಲಿಸಿಟ್ಟರೆ ಬಿರಡೆ ಒಣಗುತ್ತದೆ, ಒಣಗಿದರೆ ಗಾಳಿ ನುಗ್ಗುತ್ತದೆ, ಗಾಳಿ ನುಗ್ಗಿದರೆ ವೈನು ಹುಳಿಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದರೆ ಸಾಕು, ನಾನು ಆಫೀಸಿನಿಂದಲೇ ಫೋನ್ ಮಾಡುತ್ತಿದ್ದೆ, ಐಸಿಯುನಲ್ಲಿ ಯಾರನ್ನೋ ಸೇರಿಸಿದವರ ಹಾಗೆ. "ಹದಿನೈದಕ್ಕೆ ಬಂದಿದೆ," "ಹದಿನೇಳು ಆಯ್ತು," ಎಂದು ಅವರು ಪಿಸುಮಾತಿನಲ್ಲಿ ವರದಿ ಕೊಡುವರು. ಹಿಂದಿನಿಂದ ಅವರ ಹೆಂಡತಿ ವಿಮಲಮ್ಮನವರ ದನಿ ಕೇಳುತ್ತಿತ್ತು: "ಆ ಹುಳಿ ನೀರಿಗೆ ಎಸಿ, ಕಟ್ಟಿಕೊಂಡೋಳಿಗೆ ಬೀಸಣಿಗೆ!"

ಮೂರು ತಿಂಗಳಿಗೊಮ್ಮೆ ಒಂದು ಬಾಟಲಿ ತೆಗೆಯುತ್ತಿದ್ದೆವು. ತಲಾ ಅರ್ಧ ಲೋಟ, ಅದಕ್ಕೆ ಎರಡು ಗಂಟೆ. ಪುಸ್ತಕಗಳಲ್ಲಿ ಬರೆದಿರುವ ನಾವು ಕಾಣದ ಹಣ್ಣುಗಳ ಹೆಸರು ಅವರಿಗೆ ಬೇಕಿರಲಿಲ್ಲ. "ಮೊದಲು ನೇರಳೆ. ಹಿಂದೇನೇ ನಿನ್ನೆ ಹಾರದಿಂದ ಉದುರಿದ ಗುಲಾಬಿ. ಇನ್ನೂ ಕೆಳಗಿಳೀರಿ... ಟ್ರಂಕಲ್ಲಿಟ್ಟ ಹಳೇ ರೇಷ್ಮೆ ಸೀರೆ, ಸಿಕ್ತಾ?" ನಾನು ಲೋಟದೊಳಗೆ ಮೂಗು ತೂರಿಸಿ ಹುಡುಕುತ್ತಿದ್ದೆ. ಸಿಕ್ಕ ದಿನ ಮನೆಗೆ ನಡೆಯುವಾಗ ಬೀದಿದೀಪಗಳು ಕೂಡ ಸ್ವಲ್ಪ ಹೆಚ್ಚು ಬೆಳಗುತ್ತಿದ್ದವು.

ಅವರಿಗೆ ಎಪ್ಪತ್ತು ತುಂಬಿದ ದಿನ, ಹತ್ತು ವರ್ಷದಿಂದ ಕಾಯ್ದಿಟ್ಟ ಬಾಟಲಿ ತೆಗೆದರು. ಅದಕ್ಕೆ ಕೆಲವು ತಿಂಗಳ ಹಿಂದೆ ಅವರಿಗೆ ಜೋರು ಜ್ವರ ಬಂದು ಹೋಗಿತ್ತು. ಆಮೇಲೆ ಅವರು ವೈನಿನ ಬಗ್ಗೆ ತಾವು ಹೇಳುವುದು ಬಿಟ್ಟು ನನ್ನನ್ನೇ ಕೇಳುವುದು ಹೆಚ್ಚಾಗಿತ್ತು. ಶಿಷ್ಯನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಅಂದು ಬಿರಡೆ ಸಲೀಸಾಗಿ ಬಂತು. ಲೋಟ ಮೂಗಿನ ಹತ್ತಿರ ತಂದೆ. ಮಳೆಗೆ ನೆನೆದ ರಟ್ಟು. ನೇರಳೆ ಇಲ್ಲ, ಗುಲಾಬಿ ಇಲ್ಲ, ಬರೀ ನೆನೆದ ರಟ್ಟು, ಮುಚ್ಚಿಟ್ಟ ಗೋದಾಮು. ಬಿರಡೆಗೆ ದೋಷ ಹತ್ತಿದರೆ ವೈನು ಹೀಗೆ ಕೆಡುತ್ತದೆ. ಇದನ್ನು ನನಗೆ ಕಲಿಸಿದವರು ಅವರೇ. "ಒಂದು ಸಲ ಮೂಸಿದ್ರೆ ಸಾಯೋ ತನಕ ಮರೆಯಲ್ಲ," ಎಂದಿದ್ದರು. ಅವರು ಲೋಟವನ್ನು ಕೆಳಗಿಟ್ಟು ಮುಖ ಕಿವುಚುವುದನ್ನು ಕಾದೆ.

ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡರು. "ಆಹಾ! ಹತ್ತು ವರ್ಷ ಕಾದಿದ್ದಕ್ಕೂ ಸಾರ್ಥಕ. ಗುಲಾಬಿ ಬರ್ತಾ ಇದೆ, ಅಲ್ವೇನ್ರೀ?"

ನಾನು ನನ್ನ ಲೋಟವನ್ನು ಇನ್ನೊಮ್ಮೆ ಮೂಸಿದೆ. ರಟ್ಟೇ.

"ಹೌದು ಸಾರ್," ಎಂದೆ. "ಗುಲಾಬಿ."

ಆ ರಟ್ಟಿನ ನೀರನ್ನು ಇಬ್ಬರೂ ಕೊನೆಯ ಗುಟುಕಿನ ತನಕ ಕುಡಿದೆವು. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ವಾಸನೆ ಹೋಗುವುದು ಜ್ವರದಿಂದ ಇರಬಹುದು, ವಯಸ್ಸಿನಿಂದ ಇರಬಹುದು, ನರದ ಯಾವುದೋ ದೊಡ್ಡ ಕಾಯಿಲೆಯ ಮೊದಲ ಹೆಜ್ಜೆಯೂ ಆಗಿರಬಹುದು ಎಂದಿತ್ತು. ಹೇಳಬೇಕು ಎಂದು ದಿನಾ ಅಂದುಕೊಂಡೆ. ಹೇಗೆ ಹೇಳುವುದು? ಮೂಗನ್ನೇ ನಂಬಿ ಬದುಕಿದವರಿಗೆ, ನಿಮ್ಮ ಮೂಗು ಹೋಗಿದೆ ಎಂದು? ಮೂರು ವಾರ ಹಾಗೇ ಕಳೆಯಿತು.

ಮೂರನೆಯ ವಾರದ ಶನಿವಾರ, ದೀಪ ಹಚ್ಚುವ ಹೊತ್ತು. ವಿಮಲಮ್ಮ ಬನಶಂಕರಿಯ ತಂಗಿಯ ಮನೆಗೆ ಹೋಗಿದ್ದರು. ಇವತ್ತು ಹೇಳಿಯೇಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಅವರ ಮನೆ ತಲುಪಿದೆ. ಕರೆಗಂಟೆಯ ಗುಂಡಿಗೆ ಬೆರಳು ತಾಗುವಷ್ಟರಲ್ಲಿ ಬಾಗಿಲ ಸಂದಿಯಿಂದ ಆ ವಾಸನೆ ಬಂತು. ಗ್ಯಾಸು. ಬೆರಳನ್ನು ಬೆಂಕಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡೆ. ಕರೆಗಂಟೆಯ ಒಂದು ಸಣ್ಣ ಕಿಡಿ ಸಾಕು ಎಂಬುದು ನನ್ನ ಕಡತಗಳಲ್ಲಿ ಬೇಕಾದಷ್ಟು ಸಲ ಬಂದಿದೆ.

ಪಕ್ಕದ ಕಿಟಕಿಗೆ ಓಡಿದೆ. ಹಾಲಿನ ಮೂಲೆಯಲ್ಲಿ ದೇವರ ಗೂಡು. ಶ್ರೀಕಂಠಯ್ಯನವರು ಅದರ ಮುಂದೆ ನಿಂತು, ಬತ್ತಿ ಸರಿಮಾಡಿ, ಬೆಂಕಿಪೊಟ್ಟಣದಿಂದ ಕಡ್ಡಿ ಹೊರತೆಗೆಯುತ್ತಿದ್ದರು.

"ಸಾರ್! ಕಡ್ಡಿ ಗೀರಬೇಡಿ!"

ನನ್ನ ದನಿ ನನ್ನದೇ ಎಂದು ನನಗೆ ತಿಳಿಯಲಿಲ್ಲ. ಅವರು ತಿರುಗಿ ನೋಡಿದರು. ಕಡ್ಡಿ ಪೊಟ್ಟಣದ ಅಂಚಿಗೆ ತಾಗಿಯೇ ಇತ್ತು.

"ಯಾಕ್ರೀ? ಏನಾಯ್ತು?"

"ಕೆಳಗಿಡಿ ಸಾರ್! ಸ್ವಿಚ್ಚು ಮುಟ್ಟಬೇಡಿ! ಬಾಗಿಲು ತೆಗೀರಿ, ಗ್ಯಾಸು!"

ಅವರು ಒಮ್ಮೆ ಗಾಳಿಯನ್ನು ಮೂಸಿದರು. ಮತ್ತೊಮ್ಮೆ ಮೂಸಿದರು. ಆ ಮುಖವನ್ನು ನಾನು ಹೇಗೆ ಹೇಳಲಿ? ಗದ್ದಲದ ನಡುವೆ ಕಿವಿ ಕೇಳದೆ ನಿಂತವರ ಮುಖ. ಕಡ್ಡಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅವರು ಚಿಲಕ ತೆಗೆದರು. ನಾನು ಉಸಿರು ಬಿಗಿಹಿಡಿದು ಒಳಗೆ ಓಡಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದೆ, ಕಿಟಕಿಗಳನ್ನು ಬಡಬಡ ತೆಗೆದೆ. ಒಲೆಯ ಮೇಲೆ ಹಾಲು ಉಕ್ಕಿ ಉರಿ ಆರಿಹೋಗಿತ್ತು. ಅಷ್ಟು ಹೊತ್ತೂ ಅವರು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಥರ್ಮಾಮೀಟರ್ ನೋಡುತ್ತಿದ್ದರಂತೆ. ಒಳಗೆ ಎಸಿ ತನ್ನ ಪಾಡಿಗೆ ಗುರುಗುಡುತ್ತಲೇ ಇತ್ತು. ಗ್ಯಾಸು ಗಾಳಿಗಿಂತ ಭಾರ, ತಗ್ಗಿಗೆ ಹರಿಯುತ್ತದೆ. ಆ ಎಸಿಯ ಒಂದು ಕಿಡಿಯೂ ಸಾಕಿತ್ತು. ಅವರ ಕೈ ಹಿಡಿದು ಎಳೆದುಕೊಂಡು ಗೇಟಿನ ಆಚೆ, ರಸ್ತೆಗೇ ಬಂದುಬಿಟ್ಟೆ.

ಎದುರು ಮನೆಯ ಕಟ್ಟೆಯ ಮೇಲೆ ಕುಳಿತೆವು.

"ಜ್ವರ ಬಂತಲ್ಲ, ಆವಾಗಿನಿಂದ ಹೋಯ್ತು ಕಣ್ರೀ," ಎಂದರು ಶ್ರೀಕಂಠಯ್ಯನವರು. "ಬರುತ್ತೆ ಬರುತ್ತೆ ಅಂತ ಕಾದೆ. ವಿಮಲಂಗೆ ಹೇಳಬೇಡಿ, ಹೆದರಿಕೊಳ್ತಾಳೆ."

"ಹುಟ್ಟುಹಬ್ಬದ ದಿನದ ಬಾಟಲಿ ಕೆಟ್ಟಿತ್ತು ಸಾರ್. ಒದ್ದೆ ರಟ್ಟು. ನಾನು ಸುಳ್ಳು ಹೇಳಿದೆ."

ಅವರು ತಲೆ ಎತ್ತಲಿಲ್ಲ. "ನಾನೂ ಹೇಳಿದೆನಲ್ಲ," ಎಂದರು.

ಅಷ್ಟರಲ್ಲಿ ಆಟೋ ಬಂದು ನಿಂತಿತು. ವಿಮಲಮ್ಮ ಇಳಿದರು. ತೆರೆದ ಬಾಗಿಲು, ತೆರೆದ ಕಿಟಕಿ, ರಸ್ತೆಯಲ್ಲಿ ಕುಳಿತ ನಾವು. ಏನು ಎಂದು ಕೇಳದೆ ಗಂಡನ ಪಕ್ಕದಲ್ಲಿ ಕುಳಿತರು. ನಾನು ತಡವರಿಸುತ್ತ ನಡೆದದ್ದನ್ನು ಹೇಳಿದೆ. ಶ್ರೀಕಂಠಯ್ಯನವರು ಬೇಡವೆಂದದ್ದನ್ನೂ ಹೇಳಿಬಿಟ್ಟೆ.

"ನಂಗೊತ್ತಿತ್ತಪ್ಪ," ಎಂದರು ವಿಮಲಮ್ಮ. "ಪಲ್ಯ ತಳ ಹಿಡಿದರೂ ಸುಮ್ಮನೆ ಉಣ್ಣೋರು. ನಲವತ್ತು ವರ್ಷ ಇಂಗು ಒಂದು ಚಿಟಿಕೆ ಹೆಚ್ಚಾದರೂ ರೇಗ್ತಿದ್ದ ಮನುಷ್ಯ. ಅವರೇ ಹೇಳ್ಲಿ, ನಾನು ಕೇಳಿದ್ರೆ ಕುಗ್ಗಿಹೋಗ್ತಾರೆ ಅಂತ ಕಾಯ್ತಾ ಇದ್ದೆ." ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಒಂದು ಮನೆಯಲ್ಲಿ ಇಬ್ಬರು, ನಾಲ್ಕು ರಸ್ತೆ ಆಚೆ ಇನ್ನೊಬ್ಬ. ಮೂವರಿಗೂ ಗೊತ್ತಿತ್ತು. ಮೂವರೂ ಹೆದರಿ ಬಾಯಿ ಮುಚ್ಚಿಕೊಂಡಿದ್ದೆವು.

ಮುಂದಿನ ವಾರ ಡಾಕ್ಟರ ಹತ್ತಿರ ಹೋದೆವು. ನರದ ಪರೀಕ್ಷೆಗಳ ಫಲಿತಾಂಶ ಬರುವ ತನಕ ನನಗೆ ಅನ್ನ ಸೇರಲಿಲ್ಲ. ದೊಡ್ಡ ಕಾಯಿಲೆ ಏನೂ ಇರಲಿಲ್ಲ. ಜ್ವರದ ಮೇಲೆ ಹೀಗಾಗುವುದುಂಟು, ವಾಪಸು ಬರಬಹುದು, ಬಾರದೆಯೂ ಇರಬಹುದು ಎಂದರು. ದಿನಕ್ಕೆರಡು ಸಲ ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ ಮೂಸುವ ಅಭ್ಯಾಸ ಹೇಳಿಕೊಟ್ಟರು. ನೂರಾರು ಸುಗಂಧ ಬೆರೆಸಿದವರು ಒಂದನೇ ಕ್ಲಾಸಿನ ಮಗುವಿನ ಹಾಗೆ ನಾಲ್ಕು ಶೀಶೆ ಮುಂದಿಟ್ಟುಕೊಂಡು ಕುಳಿತರು. ಒಂದು ದಿನ ಹೇಳಿದರು: "ವಾಸನೆ ಬರಲ್ಲ ಅನ್ನೋದಕ್ಕೆ ಭಯ ಇಲ್ಲ ಕಣ್ರೀ. ವಿಮಲ ಮುಡಿಯೋ ಮಲ್ಲಿಗೆ ಹೇಗಿತ್ತು ಅನ್ನೋದು ಇನ್ನೂ ನೆನಪಿದೆ. ಆ ನೆನಪೂ ಹೊರಟುಹೋದ್ರೆ, ಅದಕ್ಕೇ ಭಯ."

ನಾಲ್ಕು ವರ್ಷವಾಯಿತು. ನಿಂಬೆ ಒಂದೊಂದು ದಿನ ಬಂದು ಹೋಗುತ್ತದಂತೆ. ಮಿಕ್ಕದ್ದು ಇಲ್ಲ. ಅವರ ಅಡುಗೆಮನೆಯಲ್ಲಿ ಈಗ ಗ್ಯಾಸು ಸೋರಿದರೆ ಅರಚುವ ಯಂತ್ರವಿದೆ. ಮೆಟ್ಟಿಲ ಕೆಳಗಿನ ಎಸಿಯನ್ನು ಅವರೇ ಬಿಚ್ಚಿಸಿದರು. ಉಳಿದ ಬಾಟಲಿಗಳು ನನ್ನ ಮನೆಯ ಪುಟ್ಟ ಫ್ರಿಜ್ಜಿನಲ್ಲಿವೆ.

ಇಂದು ಅವುಗಳಲ್ಲೊಂದನ್ನು ಹಳೇ ಟವೆಲಿನಲ್ಲಿ ಸುತ್ತಿ ಮಧ್ಯಾಹ್ನ ಅವರ ಮನೆಗೆ ಒಯ್ದೆ. ಬಿರಡೆ ತೆಗೆದೆ, ಸುರಿದೆ, ಮೂಸಿದೆ. ಏನೂ ಇಲ್ಲ. ಲೋಟ ತಿರುಗಿಸಿ ಮತ್ತೆ ಮೂಸಿದೆ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ಬರೀ ತಂಪು. ಬೆಳಗ್ಗೆ ಸರಿಯಾಗಿತ್ತಲ್ಲ ನನ್ನ ಮೂಗು? ಹಿಂದಿನ ನಾನಾಗಿದ್ದರೆ ನೇರಳೆ ಎಂದು ಏನೋ ಹೇಳಿ ದಾಟಿಬಿಡುತ್ತಿದ್ದೆ.

"ನನಗೇನೂ ಗೊತ್ತಾಗ್ತಾ ಇಲ್ಲ ಸಾರ್," ಎಂದೆ. "ಭಯ ಆಗ್ತಿದೆ."

ಅವರು ನನ್ನ ಲೋಟವನ್ನು ಮುಟ್ಟಿ ನೋಡಿದರು. "ಫ್ರಿಜ್ಜನ್ನ ಎಷ್ಟಕ್ಕೆ ಇಟ್ಟಿದೀರಿ?"

"ಆರಕ್ಕೆ ಸಾರ್. ಎಲ್ಲಿ ಕೆಟ್ಟುಬಿಡುತ್ತೋ ಅಂತ..."

ಅವರು ನಗಲು ಶುರುಮಾಡಿದರು. ಅಷ್ಟು ಜೋರಾಗಿ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ, ವಿಮಲಮ್ಮ ಒಳಗಿನಿಂದ ಬಂದು ನೋಡಿದರು. "ಹೆದರಿ ಹೆದರಿ ಅದನ್ನ ಮರಗಟ್ಟಿಸಿಬಿಟ್ಟಿದೀರಲ್ರೀ! ಚಳಿಗೆ ಬಾಯಿ ಬಿಡ್ತಾ ಇಲ್ಲ ಅದು. ಎರಡೂ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ಕೂತ್ಕೊಳ್ಳಿ."

ಕೂತೆ. ಅವರೂ ತಮ್ಮ ಲೋಟವನ್ನು ಅಂಗೈಗಳ ನಡುವೆ ಹಿಡಿದು ಕುಳಿತರು. ಹೊರಗೆ ಮತ್ತೆ ಮಳೆ ಹಿಡಿದಿತ್ತು. ಸುಮಾರು ಹೊತ್ತಿನ ಮೇಲೆ, ಬಲು ಸಣ್ಣಗೆ, ಒಂದು ವಾಸನೆ ಮೇಲೆದ್ದಿತು.

"ಹೇಳಿ," ಎಂದರು.

"ದಾಳಿಂಬೆ ಸಾರ್. ಹಣ್ಣಲ್ಲ... ಕಾಳುಗಳ ನಡುವೆ ಹಳದಿ ಪೊರೆ ಇರುತ್ತಲ್ಲ, ಅದು."

ಅವರು ಒಂದು ಗುಟುಕು ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆ ಹೊರಳಿಸಿದರು. ನಿಧಾನವಾಗಿ ನುಂಗಿದರು.

"ಹೌದು ಕಣ್ರೀ," ಎಂದರು, "ಒಗರು ನನಗೂ ಸಿಗ್ತಾ ಇದೆ. ಮುಂದೆ ಹೇಳಿ."