ಸೋತವರ ಮೊಮ್ಮಗಳ ಮೆರವಣಿಗೆ

ಅಜ್ಜಂಪುರದಿಂದ ತರೀಕೆರೆಗೆ ಹೊರಟಿದ್ದ ಬಸ್ಸು ಒಂದು ಹಳ್ಳಿಯ ರುದ್ರಭೂಮಿಯ ಎದುರು ನಿಂತುಬಿಟ್ಟಿತು. ರಸ್ತೆಯ ತುಂಬ ಜನ, ತಮಟೆ. ಯಾರದೋ ಸಾವೆಂದುಕೊಂಡು ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದು ನಿಂತೆ. ಎದುರಿಗೆ ಬಂದದ್ದು ಮೈಯೆಲ್ಲ ಗುಲಾಲಾದ, ಕೊರಳಲ್ಲಿ ಎರಡು ಹಾರ ಹಾಕಿಕೊಂಡ ಹೆಂಗಸು.

ಪಕ್ಕದಲ್ಲಿದ್ದ ಹಿರಿಯರು ನನ್ನ ಬರಿಗಾಲು ನೋಡಿ ನಕ್ಕರು. "ಸಾವಲ್ಲ ಕಣ್ರೀ. ನಮ್ಮ ಹುಡುಗಿ ಪಂಚಾಯ್ತಿಗೆ ಗೆದ್ದವ್ಳೆ."

ಬರಿಗಾಲಲ್ಲೇ ಅವರ ಹಿಂದೆ ಒಳಗೆ ಹೋದೆ. ಅಲ್ಲಿ ಎರಡು ಸಮಾಧಿಗಳು ಅಕ್ಕಪಕ್ಕ ಇದ್ದವು. ಒಂದು ಹಿಂದಿನ ಕಾಲದ ಶಾಸಕರೊಬ್ಬರದು. ಇನ್ನೊಂದು, ಪ್ರತಿ ಚುನಾವಣೆಯಲ್ಲೂ ಅವರೆದುರು ನಿಂತು ಸೋತ ಈಕೆಯ ಅಜ್ಜನದು.

"ನಮ್ಮಲ್ಲಿ ಸತ್ತೋರನ್ನ ಕೂರಿಸಿ ಮಣ್ಣು ಮಾಡ್ತೀವಿ" ಎಂದರು ಹಿರಿಯರು. "ವಿಧಾನಸೌಧದಲ್ಲಿ ಒಬ್ರೇ ಕೂತ್ರು. ಇಲ್ಲಿ ಇಬ್ರನ್ನೂ ಜೊತೇಲೇ ಕೂರಿಸಿದೀವಿ."

ಆಕೆ ಮೊದಲ ಹಾರವನ್ನು ಶಾಸಕರ ಸಮಾಧಿಗೆ ಹಾಕಿದಳು. ನಾನು ಹುಬ್ಬೇರಿಸಿದ್ದು ಕಂಡಿರಬೇಕು.

"ಅಜ್ಜ ಸೋತಾಗ್ಲೆಲ್ಲ ಮೊದ್ಲು ಇವರ ಮನೆಗೋಗಿ ಹಾರ ಹಾಕಿ ಬತ್ತಿದ್ರು. ಗೆದ್ದೆ ಅಂತ ನಾನು ಅದನ್ನ ಬಿಡೋಕಾಗುತ್ತಾ?" ಎಂದಳು.

ಆಮೇಲೆ ಅಜ್ಜನ ಸಮಾಧಿಯ ಮುಂದೆ ಮಂಡಿಯೂರಿ ಎರಡನೆಯ ಹಾರ ಹಾಕಿದಳು. ಒಂದು ಹಿಡಿ ಗುಲಾಲನ್ನು ಕಲ್ಲಿನ ಹಣೆಗೆ ಬಳಿದಳು. ಮರ್ಯಾದೆಗೆಂದು ತಮಟೆಯವರು ಬಾರಿಸುವುದನ್ನು ನಿಲ್ಲಿಸಿದ್ದರು. ಆಕೆ ತಿರುಗಿ ನೋಡಿದಳು.

"ಯಾಕಣ್ಣಾ ನಿಲ್ಲಿಸಿದ್ರಿ? ಇನ್ನೂ ಜೋರಾಗಿ ಬಾರಿಸ್ರಿ. ನಮ್ಮಜ್ಜಂಗೆ ಕಿವಿ ಮಂದ."