ಮನೆಯಲ್ಲಿ ಮಾತ್ರ ನಿಲ್ಲುತ್ತಿದ್ದ ಮದರ್‌ಬೋರ್ಡ್

ಮಸ್ಕಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ರೇಡಿಯಂ ಸ್ಟಿಕರ್ ಕತ್ತರಿಸುತ್ತಾಳೆ. ಟ್ರಾಕ್ಟರಿನ ಟ್ರೇಲರ್, ಟಂಟಂ, ಬೈಕಿನ ನಂಬರ್ ಪ್ಲೇಟು, ಶಾಲೆಯ ವ್ಯಾನು, ಯಾವುದೇ ಇರಲಿ, ಅದರ ಮೇಲೆ ಬರೆಯಬೇಕಾದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಪಕ್ಕದ ಕಟಿಂಗ್ ಮಷೀನಿಗೆ ಕಳಿಸುತ್ತಾಳೆ. ಮಷೀನಿನ ಸಣ್ಣ ಅಲಗು ಸ್ಟಿಕರ್ ಹಾಳೆಯ ಮೇಲೆ ಓಡಾಡಿ ಅಕ್ಷರ ಕೊಯ್ಯುತ್ತದೆ. ಆಮೇಲೆ ಆಕೆ ಸೂಜಿ ಹಿಡಿದು ಬೇಡದ ಭಾಗವನ್ನು ಕಿತ್ತು ತೆಗೆಯುತ್ತಾಳೆ.

ಆ ದಿನ ವಳಕಮದಿನ್ನಿಯ ಕೆಲಸ ನಡೆದಿತ್ತು. ಭತ್ತದ ಕಟಾವು ಹತ್ತಿರ ಬಂದಿದ್ದರಿಂದ ಅಲ್ಲಿನ ಟ್ರಾಕ್ಟರಿನವರು ಒಟ್ಟಾಗಿ ಆರ್ಡರ್ ಕೊಟ್ಟಿದ್ದರು. ಒಬ್ಬರಿಗೆ ಮಗಳ ಹೆಸರು, ಒಬ್ಬರಿಗೆ ಊರಿನ ಹೆಸರು, ಎಲ್ಲರಿಗೂ ಹಿಂದುಗಡೆ ಕೆಂಪು ಪಟ್ಟಿ. ಅಲಗು ಒಂದು ಒತ್ತಕ್ಷರದ ನಡುವೆ ಇದ್ದಾಗ ಕಂಪ್ಯೂಟರ್ ಟಪ್ ಎಂದು ಆರಿತು. ಹಾಳೆ ಕೆಟ್ಟಿತು.

"ಮತ್ತ ಬಂದ್ ಆತು ನೋಡ್ರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಎಚ್ಚರಿಸಿತು. "ಅಮಾಸಿ ತನಕ ನೋಡ್ತೀನಿ. ಇದು ಹಿಂಗ ನಿಂತರ ಸಿಂಧನೂರಾಂವಗ ಮಷೀನ್ ಕೊಟ್ಟು ಕೈ ತೊಳ್ಕೋತೀನಿ. ನಾ ಆಗಲೇ ಫೋನ್ ಮಾಡೀನಿ ಅವಂಗ."

ಸಿಂಧನೂರಿನವನು ಎಂದರೆ ಅಲ್ಲಿ ಸ್ಟಿಕರ್ ಅಂಗಡಿ ಇಟ್ಟ ವ್ಯಾಪಾರಿ. ಈ ಕಟಿಂಗ್ ಮಷೀನಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. ಅಮಾವಾಸ್ಯೆಯ ಮರುದಿನ ಬರುತ್ತೇನೆಂದು ಹೇಳಿದ್ದನಂತೆ. ಮಷೀನನ್ನು ಆಕೆ ತಾನೇ ಹುಡುಕಿ ತಂದಿದ್ದಳು, ತಾನೇ ಕಲಿತಿದ್ದಳು. ಮಸ್ಕಿಯಲ್ಲಿ ಆಕೆಯನ್ನು ಜನ ನನ್ನ ಹೆಂಡತಿ ಎಂದು ಗುರುತಿಸುವುದಕ್ಕಿಂತ ಹೆಚ್ಚಾಗಿ ನನ್ನನ್ನು ಸ್ಟಿಕರ್ ಅಕ್ಕನ ಗಂಡ ಎಂದು ಗುರುತಿಸುತ್ತಾರೆ. ಅದು ಹೋದರೆ ಏನು ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು.

ಕಂಪ್ಯೂಟರ್ ಮೂಲತಃ ನನ್ನದು. ನಾನು ಪತ್ರಿಕೆಯೊಂದಕ್ಕೆ ಈ ಭಾಗದ ಸುದ್ದಿ ಕಳಿಸುವವನು. ಆ ಕೆಲಸಕ್ಕೆಂದೇ ಕೊಂಡಿದ್ದೆ. ಈಗ ಸುದ್ದಿಯನ್ನು ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲೇ ಕಳಿಸುತ್ತೇನೆ, ಕಂಪ್ಯೂಟರ್ ಆಕೆಯ ಪಾಲಾಗಿದೆ. ಹೊಸದು ತಂದರೆ ಮುಗಿಯಿತಲ್ಲ ಎಂದು ಕೇಳಬಹುದು. ಆದರೆ ಕಟಿಂಗ್ ಮಷೀನ್ ಹಳೆಯದು. ಅದರ ತಂತಿಗೆ ಒಂಬತ್ತು ಪಿನ್ನಿನ ಹಳೆಯ ಕಾಲದ ಪೋರ್ಟೇ ಬೇಕು, ಅದು ನಮ್ಮ ಮದರ್‌ಬೋರ್ಡಿನಲ್ಲಿದೆ, ಈಗಿನವುಗಳಲ್ಲಿ ಸಿಗುವುದು ಅಪರೂಪ. ನಡುವೆ ಹಾಕುವ ಕನ್ವರ್ಟರ್ ತಂತಿಯನ್ನೂ ಪ್ರಯತ್ನಿಸಿದ್ದೆವು. ಅಲಗು ಎಲ್ಲೆಲ್ಲೋ ಹಾರಿ, ದೀರ್ಘವೆಲ್ಲ ಹ್ರಸ್ವವಾಗಿ ಬಂದವು. ಹೀಗಾಗಿ ಆಕೆಯ ಕೆಲಸ ಒಂದು ಹಸಿರು ಹಲಗೆಯ ಮೇಲೆ ನಿಂತಿತ್ತು.

ಸಿ.ಪಿ.ಯು. ಡಬ್ಬಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮೊದಲು ಲಿಂಗಸುಗೂರಿಗೆ ಹೊರಟೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಟವೆಲ್ಲು ಜಾರಿ, ಡಬ್ಬಿಯ ಪಕ್ಕದ ಮುಚ್ಚಳದ ಮೇಲಿನ ವಿಭೂತಿಯ ಮೂರು ಬಿಳಿ ಗೆರೆಗಳು ಕಂಡವು. ಪಕ್ಕದಲ್ಲಿ ಕುಳಿತ ಮುದುಕಿ ಸೆರಗು ಸರಿಪಡಿಸಿಕೊಂಡು ಕೈಮುಗಿದಳು.

"ಯಾವ ದೇವ್ರಪ್ಪ ಇದು? ಎಲ್ಲಿಗೆ ಒಯ್ಯಾಕತ್ತಿ?"

"ದೇವ್ರಲ್ಲಬೇ ಯವ್ವಾ, ಕಂಪ್ಯೂಟರ್."

"ಮತ್ತ ಇಬತ್ತಿ ಯಾಕ ಹಚ್ಚೀರಿ?"

"ಮನ್ಯಾಗ ಹಚ್ಯಾರ."

"ಛಲೋ ಮಾಡ್ಯಾರ," ಎಂದು ಮತ್ತೊಮ್ಮೆ ಕೈಮುಗಿದಳು. ಮುಂದಿನ ಸೀಟಿನವನು ಹಿಂದೆ ತಿರುಗಿ, "ದೇವ್ರಿಗೂ ಆರಾಮಿಲ್ಲೇನ್ರಿ? ದವಾಖಾನಿಗೆ ಹೊಂಟೀರಿ?" ಅಂದ. ಬಸ್ಸಿನ ಅರ್ಧ ಜನ ನಕ್ಕರು.

ಲಿಂಗಸುಗೂರಿನ ರಿಪೇರಿಯವನು ಮಾತು ಕಡಿಮೆಯ ಮನುಷ್ಯ. ಮುಚ್ಚಳದ ಸ್ಕ್ರೂ ಬಿಚ್ಚಿದ. ವಿಭೂತಿ ಕಂಡ ಕೂಡಲೇ ಅದನ್ನು ನೆಲಕ್ಕಿಡದೆ ಎತ್ತರದ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿ, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ. ನಂತರ ಬ್ಲೋವರ್ ಹಿಡಿದು ಒಳಗಿನ ಧೂಳು ಊದಿದ. ಬೂದುಬಣ್ಣದ ಮೋಡವೇ ಎದ್ದಿತು.

ಮದರ್‌ಬೋರ್ಡನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನಗೆ ಅಚ್ಚರಿ ತಂದದ್ದು ಅದರ ಜಟಿಲತೆಯಲ್ಲ, ಅದರ ಶಿಸ್ತು. ಪ್ರತಿಯೊಂದು ಭಾಗದ ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ಅದರ ಗುರುತು ಅಚ್ಚಾಗಿತ್ತು. ಇಲ್ಲಿ ಫ್ಯಾನಿನ ತಂತಿ, ಇಲ್ಲಿ ಬ್ಯಾಟರಿ, ಇಲ್ಲಿ ಮೊದಲ ಮೆಮೊರಿ, ಇಲ್ಲಿ ಎರಡನೆಯದು. ಯಾರೂ ನೋಡದ ಕತ್ತಲ ಡಬ್ಬಿಯೊಳಗೆ ಇಷ್ಟೊಂದು ಹೆಸರಿಟ್ಟವರು ಯಾರಿಗಾಗಿ ಇಟ್ಟಿರಬಹುದು ಎಂದು ಯೋಚಿಸಿದೆ. ಇಂಥ ದಿನಕ್ಕಾಗಿಯೇ ಇರಬೇಕು.

ಆತ ಅದನ್ನು ಹಾಗೇ ತೆರೆದಿಟ್ಟು ಚಾಲೂ ಮಾಡಿದ. ನಾನು ತಹಸೀಲ್ದಾರ್ ಕಚೇರಿಯಲ್ಲಿ ಒಂದು ಸುದ್ದಿ ಮುಗಿಸಿ, ಊಟ ಮಾಡಿ ಬಂದರೂ ಓಡುತ್ತಲೇ ಇತ್ತು. ಸಂಜೆಯಾದರೂ ನಿಲ್ಲಲಿಲ್ಲ.

"ಸಾಹೇಬ್ರ, ಇದು ನಿಮ್ಮ ಮುಂದ ಒಂದು, ನಮ್ಮ ಮುಂದ ಒಂದು ಆಟ ಹೂಡೈತಿ," ಅಂದ. "ಬೋರ್ಡಿಗೆ ಏನೂ ಆಗಿಲ್ಲ. ನಿಮ್ಮ ಕಡೆ ಕಾಲುವಿ ಬಂದ ಮ್ಯಾಲೆ ಭತ್ತದ ಧೂಳು ಭಾಳ ಆಗೇತಿ. ಅದ ಹೊಕ್ಕಿತ್ತು, ಊದೀನಿ, ಒಯ್ರಿ."

ಮನೆಗೆ ತಂದು ಜೋಡಿಸಿದೆ. ಮರುದಿನ ಬೆಳಿಗ್ಗೆ ಆಕೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒದ್ದೆ ವಿಭೂತಿಯ ಮೂರು ಬೆರಳನ್ನು ಡಬ್ಬಿಯ ಮುಚ್ಚಳಕ್ಕೂ ಎಳೆದು ಕೆಲಸಕ್ಕೆ ಕುಳಿತಳು. ಎರಡನೆಯ ಟ್ರೇಲರಿನ ಅಕ್ಷರಗಳ ಹೊತ್ತಿಗೆ ಕಂಪ್ಯೂಟರ್ ಆರಿತು.

ಮತ್ತೆ ಡಬ್ಬಿ ಕಟ್ಟಿಕೊಂಡು ಹೋದ ಸಿಂಧನೂರಿನಲ್ಲೂ ಅದೇ ಕಥೆ. ಅಲ್ಲಿನ ರಿಪೇರಿಯವನು ಮಾತುಗಾರ. ಲಿಂಗಸುಗೂರಿನವನು ಹೇಳಿದ್ದನ್ನು ತಿಳಿಸಿದೆ.

"ಭತ್ತ ಅಂದ್ನೇನಣ್ಣಾ? ಅವ್ರಿಗೆ ನೆಗಡಿ ಬಂದ್ರೂ ನಮ್ಮ ಭತ್ತದ್ದ ತಪ್ಪು. ಉಣ್ಣಾಕ ಮಾತ್ರ ನಮ್ಮ ಅಕ್ಕಿನ ಬೇಕು!" ಎಂದು ಮುಚ್ಚಳ ಬಿಚ್ಚಿದ. ಅದನ್ನು ಅಂಗಡಿಯ ದೇವರ ಫೋಟೋ ಇದ್ದ ಹಲಗೆಯ ಮೇಲೆ, ಊದುಬತ್ತಿಯ ಪಕ್ಕಕ್ಕೆ ಇಟ್ಟ. ಬಟ್ಟೆ ತಂದು ಡಬ್ಬಿಯನ್ನೆಲ್ಲ ಒರೆಸಿದ, ಮುಚ್ಚಳದತ್ತ ನಾನು ನೋಡಿದಾಗ, "ಅದು ಬ್ಯಾಡಣ್ಣಾ. ಅಕ್ಕಾರು ಭಕ್ತಿಯಿಂದ ಹಚ್ಯಾರ, ನಾ ಯಾಕ ಅಳಸ್ಲಿ?" ಅಂದ. ಪ್ರೊಸೆಸರಿನ ಮೇಲೆ ಬಳಿಯುವ ಪೇಸ್ಟ್ ಹೊಸದಾಗಿ ಹಚ್ಚಿದ. ಗುಂಡನೆಯ ಬ್ಯಾಟರಿ ಬದಲಿಸಿದ. ಬೋರ್ಡನ್ನು ಚಾಲೂ ಮಾಡಿ ಇಡೀ ದಿನ ಬಿಟ್ಟ. ನಿಲ್ಲಲಿಲ್ಲ.

"ನಿಮ್ಮ ಮನಿ ವೈರಿಂಗ್ ಸರಿ ಇಲ್ಲ," ಎಂದು ತೀರ್ಪು ಕೊಟ್ಟ.

ನಮ್ಮ ಸುದ್ದಿಯ ಕೆಲಸದಲ್ಲಿ ಇಬ್ಬರು ಎರಡು ಹೇಳಿದರೆ, ಇಬ್ಬರನ್ನೂ ಬದಿಗಿಟ್ಟು ಕಣ್ಣಾರೆ ಕಂಡದ್ದು ಏನು ಎಂದು ಕೇಳಿಕೊಳ್ಳಬೇಕು. ಸಿಂಧನೂರಿನಿಂದ ಮರಳುವ ಬಸ್ಸಿನಲ್ಲಿ ಅದನ್ನೇ ಮಾಡಿದೆ. ಎರಡು ಅಂಗಡಿಗಳಲ್ಲಿ ನಿಲ್ಲಲಿಲ್ಲ. ಮನೆಯಲ್ಲಿ ನಿಂತಿತು. ವೈರಿಂಗ್ ಕೆಟ್ಟಿದ್ದರೆ ಅದೇ ಪ್ಲಗ್ಗಿನಲ್ಲಿರುವ ಕಟಿಂಗ್ ಮಷೀನೂ ಆರಬೇಕಿತ್ತು, ಅದು ಒಮ್ಮೆಯೂ ಆರಿರಲಿಲ್ಲ. ಭತ್ತದ ಧೂಳು ಕಾರಣವಾಗಿದ್ದರೆ, ಊದಿಸಿ ತಂದ ಮರುದಿನವೇ ನಿಲ್ಲಬಾರದಿತ್ತು. ಮತ್ತೆ ಎರಡೂ ಅಂಗಡಿಗಳಲ್ಲಿ ಇದ್ದದ್ದೇನು, ಮನೆಯಲ್ಲಿ ಇಲ್ಲದ್ದೇನು? ಬಸ್ಸು ಹಳ್ಳ ದಾಟುವಾಗ ಅದು ತಲೆಗೆ ಹೊಳೆಯಿತು. ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಿತ್ತು. ಅಂಗಡಿಗಳಲ್ಲಿ ಡಬ್ಬಿಯ ಮೇಲೆ ಇಲ್ಲದೆ ಮನೆಯಲ್ಲಿ ಮಾತ್ರ ಇದ್ದದ್ದು ಮುಚ್ಚಳ.

ಮರುದಿನ ಬೆಳಗಾದ ಕೂಡಲೇ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪ್ರೊಸೆಸರಿನ ಫ್ಯಾನಿಗೆ ಎದುರಾಗಿ ಅದರಲ್ಲಿ ಜಾಲರಿಯಂತೆ ತೂತುಗಳಿವೆ. ಅಗ್ಗದ ಡಬ್ಬಿ, ಬಿಸಿಗಾಳಿ ಹೊರದೂಡಲು ಹಿಂದೆ ಬೇರೆ ಫ್ಯಾನ್ ಇಲ್ಲ. ಗಾಳಿ ಒಳಬರಲು ಇದೊಂದೇ ದೊಡ್ಡ ದಾರಿ, ಅದು ಕಟ್ಟಿದರೆ ಪ್ರೊಸೆಸರ್ ಬಿಸಿಯೇರಿ ಕಂಪ್ಯೂಟರ್ ತಾನಾಗಿ ಆರುತ್ತದೆ. ಆ ದಾರಿಯಲ್ಲಿ ಒಂದು ಕಿರಣವೂ ದಾಟಿ ಬರಲಿಲ್ಲ. ತೂತು ತೂತಿನಲ್ಲೂ ವಿಭೂತಿ ಗಟ್ಟಿಯಾಗಿ ಕೂತಿತ್ತು, ನಡುನಡುವೆ ಕುಂಕುಮದ ಕೆಂಪು. ಗೋಡೆಗೆ ಗಾರೆ ಮಾಡುವವರೂ ಇಷ್ಟು ಒಪ್ಪವಾಗಿ ಮುಚ್ಚಲಾರರು.

ಅವಳನ್ನು ಕರೆದೆ. "ಇದರ ಮ್ಯಾಲೆ ಎಂದಿನಿಂದ ಹಚ್ಚಾಕತ್ತಿ?"

"ಮಷೀನ್ ತಂದಾಗಿನಿಂದ. ಯಾಕ್ರೀ?"

"ಈ ತೂತಿನ ಮ್ಯಾಲೇ ಯಾಕ?"

"ಬ್ಯಾರೆ ಕಡೆ ನುಣ್ಣಗ ಐತಿ, ಒಣಗಿದ ಕೂಡಲೇ ಉದುರ್ತೈತಿ. ಇಲ್ಲಾದ್ರ ಗಟ್ಟಿ ಹಿಡಿತೈತಿ." ಆಮೇಲೆ ಸೇರಿಸಿದಳು, "ಮದ್ಲ ಸೋಮಾರ ಅಷ್ಟ ಹಚ್ಚತಿದ್ದೆ. ನಿಲ್ಲಾಕ ಹತ್ತಿದ ಮ್ಯಾಲೆ ದಿನಾ ಹಚ್ಚಾಕತ್ತೀನಿ."

ನಾನು ಮುಚ್ಚಳವನ್ನು ಆಕೆಯ ಕೈಗೆ ಕೊಟ್ಟೆ. ಆಕೆಯೂ ಅದನ್ನು ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು, ತಿರುವಿ ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

"ಅಯ್ ಶಿವನ! ನಾನ ಇದರ ಮೂಗು ಹಿಡದು ಕುಂತಿದ್ನೇನ್ರಿ? ಅದು ಉಸುರು ಕಟ್ಟಿ ಬೀಳೂದು, ನಾ ಮತ್ತಷ್ಟು ಒತ್ತೂದು!"

"ತಪ್ಪು ನಿಂದೊಬ್ಬಾಕಿದಲ್ಲ. ಇಬ್ಬರು ಮಿಸ್ತ್ರಿಗಳು ನೋಡ್ಯಾರ, ಕೈ ಮುಗದು ಬದಿಗಿಟ್ಟಾರ."

"ಅವ್ರು ಇರ್ಲಿ. ನೀವು? ಊರ ಮಂದಿದೆಲ್ಲಾ ಹುಳುಕು ತಗೀತೀರಿ, ಮನ್ಯಾಗಿಂದು ಕಾಣ್ಲಿಲ್ಲೇನು?"

ಆ ಗೆರೆಗಳನ್ನು ನಾನು ದಿನವೂ ನೋಡುತ್ತಿದ್ದೆ. ನಮ್ಮ ಬಾಗಿಲ ಮೇಲೆ, ಹೊಲಿಗೆ ಯಂತ್ರದ ಮೇಲೆ, ನನ್ನ ಬೈಕಿನ ಹೆಡ್‌ಲೈಟಿನ ಮೇಲೆ ಅವೇ ಇವೆ. ಇರಬೇಕಾದಲ್ಲಿ ಇದ್ದ ವಸ್ತುವನ್ನು ಯಾರೂ ವಿಚಾರಿಸುವುದಿಲ್ಲ.

ಆದರೂ ನನಗೆ ಸಮಾಧಾನವಾಗಲಿಲ್ಲ. ಮುಚ್ಚಳವೇ ಕಾರಣ ಎಂಬುದು ಇನ್ನೂ ನನ್ನ ಊಹೆ. ಅದನ್ನು ಹಾಗೇ ಮತ್ತೆ ಹಾಕಿ, ಕಂಪ್ಯೂಟರ್ ನಿಲ್ಲುತ್ತದೆಯೇ ನೋಡಿ, ತೆಗೆದು ಮತ್ತೆ ನೋಡಿದರೆ ಮಾತ್ರ ಖಚಿತವಾಗುತ್ತದೆ. ಅದನ್ನು ಹೇಳಿದೆ.

"ಅಂದ್ರ ಬೇಕಂತ ನಿಲ್ಲಸ್ತೀರಿ?"

"ಒಂದ ಸಲ. ಖರೇ ತಿಳೀತೈತಿ."

"ನಿಮಗ ಖರೇ ತಿಳೀಲಿ ಅಂತ ನನ್ನ ಬೋರ್ಡಿಗೆ ಬಿಸಿ ಹೊಡಸ್ಲೇನು? ಸುಟ್ಟ ಹೋದ್ರ ಎಲ್ಲಿಂದ ತರ್ತೀರಿ?" ಮುಚ್ಚಳವನ್ನು ಎದೆಗೆ ಅವುಚಿಕೊಂಡು ಅಡುಗೆಮನೆಗೆ ನಡೆದಳು. "ಅಮಾಸಿ ನಾಳಿನ ಐತಿ. ನನಗ ಕೆಲಸ ಐತಿ."

ಸ್ಟಿಕರ್ ಕೀಳುವ ಸೂಜಿಯಿಂದಲೇ ಒಂದೊಂದು ತೂತನ್ನೂ ಬಿಡಿಸಿದಳು. ಉದುರಿದ ಪುಡಿ ಕಾಲಡಿ ಬೀಳಬಾರದೆಂದು ಕೆಳಗೆ ತಟ್ಟೆ ಹಿಡಿದಿದ್ದಳು. ಅದನ್ನು ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕಿ, ಮುಚ್ಚಳ ತೊಳೆದು ಬಿಸಿಲಿಗಿಟ್ಟಳು. ಅದು ಒಣಗುವವರೆಗೂ ಕಾಯಲಿಲ್ಲ. ಡಬ್ಬಿಯನ್ನು ತೆರೆದಂತೆಯೇ ಇಟ್ಟುಕೊಂಡು ಕೆಲಸ ಶುರು ಮಾಡಿದಳು.

ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಪ್ರೊಸೆಸರಿನ ಮೇಲಿನ ಲೋಹದ ಪದರುಗಳ ಬಳಿ ಬೆರಳು ಒಯ್ದರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮಷೀನಿನ ಅಲಗು ಹಾಳೆಯ ಮೇಲೆ ತಿರುಗುವಾಗಲೆಲ್ಲ ಬೋರ್ಡಿನ ಮೂಲೆಯಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಹುಡುಕಿದೆ. ಏನೂ ಕಾಣಲಿಲ್ಲ. ಒಂದು ಹೆಸರು ಆ ಹಲಗೆಯೊಳಗಿಂದ ಹಾದು, ಒಂಬತ್ತು ಪಿನ್ನುಗಳಲ್ಲಿ ಹೊರಬಿದ್ದು, ವಳಕಮದಿನ್ನಿಯ ಟ್ರೇಲರಿನ ಅಳತೆಗೆ ಬೆಳೆಯುತ್ತಿತ್ತು, ಬೋರ್ಡು ಮಾತ್ರ ಅಲ್ಲಾಡದೆ ಮಲಗಿತ್ತು. ಆ ದಿನ ನಿಲ್ಲಲಿಲ್ಲ. ಅಮಾವಾಸ್ಯೆಯ ದಿನ ಒಣಗಿದ ಮುಚ್ಚಳವನ್ನು ಹಾಕಿದೆವು, ಆಗಲೂ ನಿಲ್ಲಲಿಲ್ಲ.

ಮರುದಿನ ಸಿಂಧನೂರಿನ ವ್ಯಾಪಾರಿ ಟಂಟಂ ತೆಗೆದುಕೊಂಡೇ ಬಂದ. ಒಳಗೆ ಹಗ್ಗ, ಹಳೆಯ ಗಾದಿ. ಆಕೆ ಕೊನೆಯ ಕೆಂಪು ಪಟ್ಟಿಗಳನ್ನು ಕತ್ತರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಅಕ್ಕಾರ, ಒಯ್ಯಾಕ ಬಂದೀನ್ರಿ."

"ಚಾ ಕುಡ್ಕೊಂಡು ಹೋಗ್ರಿ. ಮಷೀನ್ ಕೊಡಂಗಿಲ್ಲ."

"ಮತ್ತ ಫೋನಿನ್ಯಾಗ ಕೊಡ್ತೀನಿ ಅಂದಿದ್ರಿ?"

"ಆವಾಗ ನಿಲ್ಲತಿತ್ತು. ಈಗ ನಡ್ಯಾಕತ್ತೈತಿ."

ವ್ಯಾಪಾರಿ ಅಲಗು ಓಡುವುದನ್ನೇ ನೋಡುತ್ತಾ ನಿಂತ. ಚಹಾ ಬಂತು. "ಏನಾಗಿತ್ರಿ?" ಎಂದು ನನ್ನನ್ನು ಕೇಳಿದ. ಆಕೆ ಹಾಳೆಯ ಮೇಲಿಂದ ಕಣ್ಣು ತೆಗೆಯದೆಯೇ, "ಬಿಸಿ ಆಗತಿತ್ತು," ಎಂದು ನನ್ನ ಬದಲು ಉತ್ತರಿಸಿದಳು. ಅದು ಸುಳ್ಳಲ್ಲ.

"ಬೋರ್ಡ್ ಬದಲಿ ಮಾಡಿದ್ರೇನು?"

"ಇಲ್ಲ. ಅದ ಬೋರ್ಡು."

ಆತನ ಮುಖ ಅರಳಿತು. "ಒಂಬತ್ತು ಪಿನ್ನಿಂದು? ಅಕ್ಕಾರ, ನನ್ನ ಹಂತ್ಯಾಕೂ ಹಳೇ ಮಷೀನ್ ಒಂದು ಸುಮ್ನ ಬಿದ್ದೈತಿ. ಮಷೀನ್ ಕೊಡದಿದ್ರ ಬೋರ್ಡಾರೆ ಕೊಡ್ರಿ!"

"ನೋಡ್ರಿ ಇವ್ನ! ಬೋರ್ಡ್ ಕೊಟ್ಟು ನಾ ಏನ್ ಕೈಲೆ ಕೊಯ್ಲಿ?"

"ನೋಡ್ಲಿಕ್ಕರೆ ಬಿಡ್ರಿ."

ಅದಕ್ಕೆ ಆಕೆ ಅಡ್ಡಿ ಮಾಡಲಿಲ್ಲ. ಪಟ್ಟಿ ಮುಗಿದ ಮೇಲೆ ನಾನು ಮುಚ್ಚಳ ತೆಗೆದೆ. ಆತ ಫೋನಿನ ಟಾರ್ಚ್ ಹಾಕಿ ಡಬ್ಬಿಯೊಳಗೆ ಬಗ್ಗಿದ, ನಾನೂ ಬಗ್ಗಿದೆ. ತಿರುಗುವ ಫ್ಯಾನಿನ ಮೇಲೆ ನಮ್ಮಿಬ್ಬರ ತಲೆಗಳು ತಾಗುವಷ್ಟು ಹತ್ತಿರವಿದ್ದವು. ಆತ ಪೋರ್ಟು ಹುಡುಕುತ್ತಿದ್ದ. ನಾನು ಅಚ್ಚಾದ ಬಿಳಿ ಅಕ್ಷರಗಳಲ್ಲಿ ಇನ್ನೂ ಓದದಿದ್ದ ಒಂದನ್ನು ಓದುತ್ತಿದ್ದೆ.

ಆಕೆ ಮುಂದಿನ ಹಾಳೆಯನ್ನು ಮಷೀನಿಗೆ ಸಿಕ್ಕಿಸಿ ನಮ್ಮ ಹಿಂದೆ ಬಂದು ನಿಂತಳು.

"ಆತು, ನೋಡಿದ್ರಲ್ಲ," ಅಂದಳು. "ಇನ್ನ ಇಬ್ರೂ ಸರೀರಿ. ಅದಕ್ಕ ಗಾಳಿ ಬರ್ಲಿ."