ರುದ್ರಭೂಮಿಯಲ್ಲಿ ವಾಕಿಂಗ್

ಎಡಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ನನ್ನ ಹೆಂಡತಿ ಮಹಾದೇವಿಗೆ ಅದು ಗೊತ್ತೇ ಆಗಿರಲಿಲ್ಲ.

ನನ್ನ ಬೈಕಿನ ಹಿಂದೆ ಕೂತು ನಮ್ಮ ತಾಂಡೂರಿನ ಬಜಾರಿಗೆ ಬಂದಿದ್ದಳು. ಮಟಮಟ ಮಧ್ಯಾಹ್ನ. ಕಾದ ಫರಸಿಕಲ್ಲಿನ ನೆಲದ ಮೇಲೆ ಬರಿ ಎಡಗಾಲನ್ನೂರಿಯೇ ನಿಂತು ತರಕಾರಿ ಆರಿಸಿದಳು. ಅದನ್ನು ನೋಡಿ ನಾನು ನಕ್ಕೆ. ಸಂಜೆಗೆ ಹೆಬ್ಬೆರಳ ಕೆಳಗೆ ಬೊಬ್ಬೆ ಎದ್ದಿತ್ತು. ನೋವಿಲ್ಲ ಎಂದಳು. ನೋವಿಲ್ಲವಲ್ಲ ಎಂದು ನಾನೂ ಸುಮ್ಮನಾದೆ.

ಹತ್ತನೇ ದಿನ ಬೆರಳು ಕಪ್ಪಾಯಿತು.

ಡಾಕ್ಟರರು ಶುಗರ್ ನೋಡಿ ಇಬ್ಬರನ್ನೂ ಬೈದರು. ಕಾಲಿನ ನರಗಳು ಎಂದೋ ಸತ್ತಿವೆ, ತಡಮಾಡಿದರೆ ಪಾದವೇ ಹೋಗುತ್ತದೆ ಎಂದರು. ಬೆರಳು ತೆಗೆದರು. ಡಿಸ್ಚಾರ್ಜ್ ಮಾಡುವಾಗ, ಗಾಯ ಮಾಗಿದ ಮೇಲೆ ದಿನಾ ಅರ್ಧ ತಾಸು ನಡೆಯಲೇಬೇಕು, ಇಷ್ಟು ವರ್ಷ ಯಾಕೆ ನಡೆಯಲಿಲ್ಲ ಎಂದು ಕೇಳಿದರು.

"ಎಲ್ಲಿ ನಡೀಬೇಕ್ರಿ?" ಎಂದಳು ಮಹಾದೇವಿ.

ಆ ಮಾತು ನನಗೆ ಚುಚ್ಚಿತು. ಮೊದಲು ನಮ್ಮ ಓಣಿಯಲ್ಲಿ ಮನೆಮನೆಗೂ ಕಟ್ಟೆ ಇತ್ತು, ಬೇವಿನ ನೆರಳಿತ್ತು. ಬೆಳಿಗ್ಗೆ ಗುಡಿಗೆ, ಸಂಜೆ ಬಜಾರಿಗೆ ನಡೆದೇ ಹೋಗುತ್ತಿದ್ದಳು. ಕಟ್ಟೆಕಟ್ಟೆಗೂ ಕೂತು ಓಣಿಯ ಸುದ್ದಿಯೆಲ್ಲ ಹೊತ್ತು ತರುತ್ತಿದ್ದಳು. ಗಣಿಯಿಂದ ಫರಸಿಕಲ್ಲು ತರುವ ಲಾರಿಗಳು ಓಣಿಯಲ್ಲಿ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತವೆ ಎಂದು ರಸ್ತೆ ಅಗಲ ಮಾಡಲು ಅರ್ಜಿ ಹೋಯಿತು. ರಸ್ತೆ ಅಗಲವಾಯಿತು. ಕಟ್ಟೆ ಹೋದವು, ಬೇವು ಹೋದವು, ಲಾರಿ ಹೊಸ್ತಿಲಿಗೇ ಬಂತು. ಊರೂರಿಗೆ ಹಾಸುಗಲ್ಲು ಕಳಿಸುವ ನಾವು ನಮ್ಮ ಕಾಲಿಗೆ ಒಂದು ಗೇಣು ಜಾಗ ಉಳಿಸಿಕೊಳ್ಳಲಿಲ್ಲ.

ಆ ಅರ್ಜಿ ಬರೆದವನು ನಾನೇ.

ರಿಟೈರಾದ ಮಾಸ್ತರ ಎಂದು ಓಣಿಯವರು ನನ್ನ ಕೈಗೆ ಪೆನ್ನು ಕೊಟ್ಟರು. ಉಬ್ಬಿಹೋಗಿ ಎರಡು ಪುಟ ಬರೆದೆ. ಫುಟ್‌ಪಾತ್ ಎಂಬ ಮಾತು ಹೊಳೆಯಲೇ ಇಲ್ಲ. ಆಮೇಲೆ ಲಾರಿಗೆ ಹೆದರಿ ಅವಳು ನಡೆಯುವುದನ್ನು ಬಿಟ್ಟಾಗ ಬೈಕ್ ತಂದೆ. ಅವಳನ್ನು ಸುಖವಾಗಿಟ್ಟಿದ್ದೇನೆ ಎಂದೇ ತಿಳಿದಿದ್ದೆ. ಎಂಥ ಮೂರ್ಖ ನಾನು!

ಗಾಯ ಮಾಗಿತು. ಮಾಳಿಗೆಯ ಮೇಲೆ ಸುತ್ತಿದರೆ ಅವಳಿಗೆ ತಲೆ ತಿರುಗುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಲಿಂಗಾಯತರ ರುದ್ರಭೂಮಿಯ ಮುಂದೆ ಬೈಕ್ ನಿಲ್ಲಿಸಲು ಅವಳೇ ಹೇಳಿದಳು. ಸುತ್ತ ಕಾಂಪೌಂಡ್, ಒಳಗೆ ಬೇವು, ಸಮಾಧಿಗಳ ನಡುವೆ ಫರಸಿ ಹಾಸಿದ ಸಪಾಟು ದಾರಿ. ಸತ್ತವರಿಗೆ ನಾವು ಫುಟ್‌ಪಾತ್ ಮಾಡಿಕೊಟ್ಟಿದ್ದೆವು.

ನಮ್ಮಲ್ಲಿ ಹೆಣ್ಣುಮಕ್ಕಳು ಸುಮ್ಮಸುಮ್ಮನೆ ಅಲ್ಲಿಗೆ ಹೋಗುವುದಿಲ್ಲ. ಮೂರನೇ ದಿನ ಪಕ್ಕದ ಮನೆಯ ವಿರೂಪಾಕ್ಷಪ್ಪ ಗೇಟಿಗೆ ಬಂದು ನಿಂತ. ಮುತ್ತೈದೆ ದಿನಾ ಇಲ್ಲಿ ತಿರುಗುವುದು ಚಂದವಲ್ಲ, ಓಣಿಯವರು ಮಾತಾಡುತ್ತಿದ್ದಾರೆ ಎಂದ. ಮಹಾದೇವಿ ಕೋಲೂರಿ ನಿಂತಳು.

"ಈಗ ನಡಕೋತ ಬರಾಕತ್ತೀನ್ರಿ ಅಣ್ಣಾ. ಬ್ಯಾಡಂದ್ರ ನಾಳಿ ನೀವೇ ನನ್ನ ಹೊತ್ಕೊಂಡು ಬರಬೇಕಾಗ್ತದ."

ಅವನು ದಾರಿ ಬಿಟ್ಟ. ಈಗ ಅವನ ಹೆಂಡತಿಯೂ ಮೊಣಕಾಲು ಹಿಡಿದುಕೊಂಡು ಬರುತ್ತಾಳೆ.

ಏಳು ತಿಂಗಳಾಯಿತು. ಶುಗರ್ ಇಳಿದಿದೆ, ಪಾದ ಉಳಿದಿದೆ. ಫುಟ್‌ಪಾತ್ ಕೇಳಿ ಮತ್ತೊಂದು ಅರ್ಜಿ ಬರೆದೆ. ಮೊದಲಿನದಕ್ಕೆ ಬುಲ್ಡೋಜರ್ ಬಂದಿತ್ತು, ಇದಕ್ಕೆ ಉತ್ತರವೂ ಬಂದಿಲ್ಲ.

ದಿನಾ ನನ್ನ ಅವ್ವನ ಸಮಾಧಿಯ ಬಳಿ ಕೂತು ಅವಳು ನಡೆಯುವುದನ್ನು ನೋಡುತ್ತೇನೆ. ಪಕ್ಕದ ಖಾಲಿ ಜಾಗ ನಮ್ಮಿಬ್ಬರಿಗೆಂದು ಬಿಟ್ಟದ್ದು. ಮಹಾದೇವಿ ಕೋಲೂರಿಕೊಂಡು ಅಲ್ಲಿಯವರೆಗೆ ಬರುತ್ತಾಳೆ, ಒಂದು ಗಳಿಗೆ ನಿಲ್ಲುತ್ತಾಳೆ, ಮುಂದೆ ಹೋಗುತ್ತಾಳೆ.